ವಯಸ್ಸಾದ ಅಪ್ಪ ಅಮ್ಮನೊಂದಿಗೆ ಬೆಂಗಳೂರು: ಕುಳಿತು ತಿನ್ನುವಂಥ ಹೋಟೆಲ್ ಎಲ್ಲಿದೆ? ಸೇವಾ ಶುಲ್ಕ ಕೊಡಲೇಬೇಕೇ?

ನಾಪೋಕ್ಲು_ಮಳೆ

ಎಲ್ಲರಿಗೂ ನಮಸ್ಕಾರ. ಅಪ್ಪನ ಕಣ್ಣಿನ ಚಿಕಿತ್ಸೆಗೆಂದು ಮುಂದಿನ ವಾರ ಕೊಡಗಿನಿಂದ ಬೆಂಗಳೂರಿಗೆ ಹೊರಟಿದ್ದೇವೆ. ಗುರುವಾರ ಹೋಗಿ ಭಾನುವಾರ ವಾಪಸು. ಉಳಿಯುವುದು ಬಸವನಗುಡಿಯ ನೆಂಟರ ಮನೆಯಲ್ಲಿ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಹೋಗುವವರು, ಹಾಗಾಗಿ ತಿಂಡಿ ಊಟದ ಹೊರೆಯನ್ನೂ ಅವರ ಮೇಲೆ ಹಾಕಲು ಅಮ್ಮನಿಗೆ ಮನಸ್ಸಿಲ್ಲ. ಹೋಟೆಲೇ ಗತಿ.

ಅಪ್ಪನಿಗೆ ಮಂಡಿ ನೋವು, ತಟ್ಟೆ ಹಿಡಿದು ನಿಂತು ತಿನ್ನಲು ಆಗುವುದಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ, ಹೊತ್ತು ಮೀರಿದರೆ ಕೈ ನಡುಗುತ್ತದೆ. ಇಬ್ಬರಿಗೂ ಮಾಂಸಾಹಾರ ಆಗುತ್ತದೆ, ಆದರೆ ಬೆಳಿಗ್ಗೆ ಮಾತ್ರ ದೋಸೆ ಇಡ್ಲಿಯೇ ಬೇಕು.

ಇನ್ನೊಂದು ವಿಷಯ. ಕಳೆದ ಸಲ ಹೋಗಿದ್ದಾಗ ದೊಡ್ಡ ರಸ್ತೆಯೊಂದರ ಹವಾನಿಯಂತ್ರಿತ ರೆಸ್ಟೋರೆಂಟಿನಲ್ಲಿ ಊಟ ಮಾಡಿದೆವು. ಊಟಕ್ಕೆ 1,800 ರೂಪಾಯಿ. ಅದರ ಕೆಳಗೆ ಸೇವಾ ಶುಲ್ಕ ಶೇ. 10 ಎಂದು 180. ಆಮೇಲೆ ಇವೆರಡನ್ನೂ ಕೂಡಿಸಿ ಅದರ ಮೇಲೆ ಶೇ. 5 ಜಿಎಸ್‌ಟಿ, 99. ಒಟ್ಟು 2,079. ಪ್ರಶ್ನಿಸಿದರೆ ಮ್ಯಾನೇಜರ್ ಬಾಗಿಲ ಕಡೆ ಬೆರಳು ತೋರಿಸಿ, "ಅಲ್ಲಿ ಬೋರ್ಡ್ ಹಾಕಿದ್ದೇವೆ, ಓದಿಕೊಂಡೇ ಒಳಗೆ ಬಂದಿದ್ದೀರಿ" ಎಂದ. ಸುತ್ತಲಿನ ಮೇಜಿನವರೆಲ್ಲ ತಿರುಗಿ ನೋಡಿದರು. ಅಮ್ಮ ಗಲಾಟೆ ಬೇಡ ಎಂದು ತೋಳು ಹಿಡಿದರು. ದುಡ್ಡಿಗಿಂತ ಆ ಮಾತಿನ ಧಾಟಿ ಇನ್ನೂ ನೋಯಿಸುತ್ತಿದೆ. ಈ ಶುಲ್ಕ ಕೊಡಲೇಬೇಕೇ? ಗೊತ್ತಿದ್ದವರು ತಿಳಿಸಿ.

ಶನಿವಾರಸಂತೆ_ರಸ್ತೆ

ಕೊಡಬೇಕಾಗಿಲ್ಲ. ಬಾಗಿಲಿಗೆ ಅಂಟಿಸಿದ್ದೆಲ್ಲ ಕಾನೂನಾಗುವುದಿಲ್ಲ.

ವಿರಾಜಪೇಟೆ_ವಕೀಲ

ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಇದು ಎಲ್ಲರಿಗೂ ಬೇಕಾದ ವಿಷಯ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ, ಕೊಡದವರನ್ನು ಒಳಗೆ ಬಿಡುವುದಿಲ್ಲ ಎನ್ನುವಂತಿಲ್ಲ. ಊಟದ ಮೊತ್ತಕ್ಕೆ ಅದನ್ನು ಸೇರಿಸಿ ಜಿಎಸ್‌ಟಿ ಹಾಕುವುದನ್ನೂ ಅದರಲ್ಲೇ ನಿಷೇಧಿಸಿದ್ದಾರೆ. ಹೋಟೆಲ್ ಒಕ್ಕೂಟಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ನ್ಯಾಯಾಲಯ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಒಕ್ಕೂಟಗಳು ಮೇಲ್ಮನವಿ ಹಾಕಿದ್ದು ನಿಜ, ಆದರೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿಗೆ ಪರವಾನಗಿ ಸಿಕ್ಕಂತೆ ಅಲ್ಲ.

ನಿಮ್ಮ ಬಿಲ್ 1,800ಕ್ಕೆ ಶೇ. 5 ಸೇರಿ 1,890 ಆಗಬೇಕಿತ್ತು. 189 ರೂಪಾಯಿ ಹೆಚ್ಚು ತೆಗೆದುಕೊಂಡಿದ್ದಾರೆ. ಮುಂದೆ ಹೀಗಾದರೆ ಮೊದಲು ಶಾಂತವಾಗಿ, "ಸೇವಾ ಶುಲ್ಕ ತೆಗೆದು ಬೇರೆ ಬಿಲ್ ಕೊಡಿ" ಎನ್ನಿ. ಒಪ್ಪದಿದ್ದರೆ ಅಲ್ಲಿಂದಲೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ಲಿನ ಫೋಟೊ ಇಟ್ಟುಕೊಳ್ಳಿ. ಹೆಚ್ಚಿನ ಕಡೆ ಈ ಸಂಖ್ಯೆಯ ಹೆಸರು ಎತ್ತಿದರೇ ಬಿಲ್ ಬದಲಾಗುತ್ತದೆ.

ಪೊನ್ನಂಪೇಟೆ_ಪಯಣಿಗ

ವಕೀಲರೇ, ನಿಮ್ಮ ಕಾನೂನನ್ನು ಒಪ್ಪುತ್ತೇನೆ. ಆದರೆ ಒಳಗಿನ ಮಾತನ್ನೂ ಕೇಳಿ. ನಾನು ಬೆಂಗಳೂರಿನಲ್ಲಿ ಸಪ್ಲೈಯರ್ ಆಗಿ ದುಡಿದವನು. ನಾನಿದ್ದ ಕಡೆ ಸೇವಾ ಶುಲ್ಕದ ಹಣವನ್ನು ತಿಂಗಳ ಕೊನೆಯಲ್ಲಿ ಎಲ್ಲರಿಗೂ ಹಂಚುತ್ತಿದ್ದರು. ಪಾತ್ರೆ ತೊಳೆಯುವವರು, ತರಕಾರಿ ಹೆಚ್ಚುವವರು, ಮೇಜು ಒರೆಸುವ ಹುಡುಗರು, ಎಲ್ಲರಿಗೂ ಒಂದು ಪಾಲು. ಟಿಪ್ಸ್ ಎಂದರೆ ಮೇಜಿನ ಬಳಿ ನಿಂತವನ ಜೇಬಿಗೆ ಮಾತ್ರ. ಹಿಂದುಗಡೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಮಧ್ಯರಾತ್ರಿವರೆಗೆ ನಿಂತವನ ಮುಖವನ್ನು ಯಾವ ಗಿರಾಕಿಯೂ ನೋಡುವುದಿಲ್ಲ. ಶುಲ್ಕ ತೆಗೆಸಿದಾಗ ಮೊದಲು ಏಟು ಬಿದ್ದದ್ದು ಅವನಿಗೆ.

ಶನಿವಾರಸಂತೆ_ರಸ್ತೆ

ಎಲ್ಲ ಕಡೆ ಹಂಚುತ್ತಾರೆಂದು ಯಾರು ಹೇಳಿದರು? ನನ್ನ ತಂಗಿಯ ಮಗ ಕೆಲಸ ಮಾಡುತ್ತಿದ್ದ ಕಡೆ ಒಂದು ರೂಪಾಯಿಯೂ ಕೈಗೆ ಬರುತ್ತಿರಲಿಲ್ಲ. ಮಾಲೀಕರೇ ಇಟ್ಟುಕೊಳ್ಳುತ್ತಿದ್ದರು.

ವಿರಾಜಪೇಟೆ_ವಕೀಲ

ಪೊನ್ನಂಪೇಟೆಯವರೇ, ಅವರಿಗೆ ಸರಿಯಾದ ಸಂಬಳ ಕೊಡಬೇಕಾದವರು ಮಾಲೀಕರು. ದೋಸೆಗೆ 90 ಸಾಲದಿದ್ದರೆ 100 ಎಂದು ದರಪಟ್ಟಿಯಲ್ಲಿ ಬರೆಯಲಿ, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಅದನ್ನು ನೋಡಿ ತಿನ್ನಬೇಕೋ ಬೇಡವೋ ಎಂದು ನಾನು ನಿರ್ಧರಿಸುತ್ತೇನೆ. ತಿಂದು ಕೈ ತೊಳೆದ ಮೇಲೆ ದರ ಹೇಳುವುದು ಸರಿಯಲ್ಲ.

ಪೊನ್ನಂಪೇಟೆ_ಪಯಣಿಗ

ಅದಂತೂ ನ್ಯಾಯವಾದ ಮಾತು. ಆದರೆ ಶುಲ್ಕ ತೆಗೆಸಿದವರು ಎದ್ದು ಬರುವಾಗ ನಗದಾಗಿ ಸ್ವಲ್ಪವಾದರೂ ಇಟ್ಟು ಬನ್ನಿ. ಅಷ್ಟೇ ಕೇಳಿಕೊಳ್ಳುವುದು.

ಗೋಣಿಕೊಪ್ಪ_ಸಂತೆ

ನೀರಿನ ಬಾಟಲಿಯ ಕಥೆ? 20 ರೂಪಾಯಿ ಎಂದು ಅಚ್ಚಾಗಿರುವುದಕ್ಕೆ 60 ತೆಗೆದುಕೊಂಡರು. ಇದಕ್ಕೂ 1915 ಕೆಲಸ ಮಾಡುತ್ತದೆಯೇ?

ವಿರಾಜಪೇಟೆ_ವಕೀಲ

ಅಲ್ಲಿ ಕಷ್ಟ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಹೋಟೆಲು ರೆಸ್ಟೋರೆಂಟುಗಳು ಬಾಟಲಿ ನೀರನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಿದರೆ ಕಾನೂನು ಮಾಪನಶಾಸ್ತ್ರ ಕಾಯ್ದೆ (ತೂಕ, ಅಳತೆ, ಅಚ್ಚಾದ ಬೆಲೆಗಳ ಕಾನೂನು) ಅಡ್ಡ ಬರುವುದಿಲ್ಲ ಎಂದಿದೆ. ಕುಳಿತುಕೊಳ್ಳುವ ಜಾಗ, ಸೇವೆ ಎಲ್ಲ ಸೇರಿದ ವ್ಯವಹಾರ ಎಂಬುದು ಕಾರಣ. ನನಗೆ ಆ ತೀರ್ಪು ಹಿಡಿಸುವುದಿಲ್ಲ, ಆದರೆ ಇರುವುದು ಅದೇ. "ಸಾದಾ ನೀರು ಕೊಡಿ" ಎಂದು ಕುಳಿತ ಕೂಡಲೇ ಹೇಳಿಬಿಡಿ. ಕೇಳದೆಯೇ ಬಾಟಲಿಯ ಮುಚ್ಚಳ ತೆರೆಯುವ ಕಡೆಗಳಲ್ಲಿ ಕೈ ಅಡ್ಡ ಹಿಡಿಯಿರಿ.

ಬಾಳೆಲೆ_ಅಕ್ಕ

ಪಾಪ, ಆ ತಮ್ಮ ಕೇಳಿದ್ದು ಹೋಟೆಲ್ ಎಲ್ಲಿದೆ ಎಂದು. ನೀವೆಲ್ಲ ಕೋರ್ಟ್ ಸುತ್ತುತ್ತಿದ್ದೀರಿ.

ತಮ್ಮಾ, ಬಸವನಗುಡಿಯಲ್ಲೇ ಉಳಿಯುತ್ತೀರಲ್ಲ, ಅದೇ ದೊಡ್ಡ ಅನುಕೂಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹತ್ತಿರದಲ್ಲೇ ಇದೆ. 1943ರಿಂದ ನಡೆಯುತ್ತಿರುವ ಜಾಗ. ಕುರ್ಚಿ ಮೇಜು ಇವೆ, ಸಪ್ಲೈಯರ್ ಬಂದು ಬಡಿಸುತ್ತಾರೆ. ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಮೊಣಕೈಯಾಚೆಗೂ ಜೋಡಿಸಿಕೊಂಡು ಬಂದು, ಒಂದೊಂದನ್ನೇ ಸದ್ದಿಲ್ಲದೆ ಮೇಜಿಗೆ ಇಳಿಸುವುದನ್ನು ಅಪ್ಪ ನೋಡಬೇಕು. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳಿವೆ. ದೋಸೆ ದಪ್ಪ, ಹೊರಗೆ ಗರಿ, ಒಳಗೆ ಮೆತ್ತಗೆ, ತುಪ್ಪದ ಪರಿಮಳ. ಚಟ್ನಿ ನೀರಾಗಿರುತ್ತದೆ, ಬಕೆಟ್ಟಿನಿಂದ ಧಾರಾಳವಾಗಿ ಹಾಕುತ್ತಾರೆ. ಶುಕ್ರವಾರ ರಜೆ, ಮಧ್ಯಾಹ್ನ ಕೆಲವು ಗಂಟೆ ಮುಚ್ಚಿರುತ್ತಾರೆ, ನೆನಪಿಟ್ಟುಕೊಳ್ಳಿ.

ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಕೂಡ ದೂರವಿಲ್ಲ. 1924ರ ಹೋಟೆಲು, ನೂರು ವರ್ಷ ದಾಟಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಅವರ ಅಡುಗೆಮನೆಯಲ್ಲೇ ಎನ್ನುತ್ತಾರೆ. ಅಲ್ಲಿಗೆ ಸೋಮವಾರ ರಜೆ, ನಿಮಗೆ ತೊಂದರೆಯಿಲ್ಲ. ಮೇಲಂತಸ್ತಿಗೆ ಮೆಟ್ಟಿಲು ಹತ್ತಬೇಕು. ಮಂಡಿ ನೋವೆಂದು ಮೊದಲೇ ಹೇಳಿ ಕೆಳಗೆ ಜಾಗ ಕೇಳಿ.

ಹಾರಂಗಿ_ಹಿನ್ನೀರು

ಅಕ್ಕ, ವಯಸ್ಸಾದವರನ್ನು ಸರದಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದೇ? ಹೆಸರು ಮಾಡಿದ ಹೋಟೆಲುಗಳಿಗೆ ಶನಿವಾರ ಭಾನುವಾರ ಕಾಲಿಡಲು ಆಗುವುದಿಲ್ಲ. ಹೆಸರೇ ಇಲ್ಲದ ಗಲ್ಲಿಯ ಹೋಟೆಲಿನಲ್ಲಿ ಅದಕ್ಕಿಂತ ಒಳ್ಳೆಯ ಇಡ್ಲಿ ಸಿಗುತ್ತದೆ.

ಬಾಳೆಲೆ_ಅಕ್ಕ

ಅದಕ್ಕೇ ಬೆಳಿಗ್ಗೆ ಬೇಗ ಹೋಗಬೇಕು. ಕೊಡಗಿನವರು ಐದೂವರೆಗೆ ಏಳುವವರು, ಏಳು ಗಂಟೆಗೆ ಅಲ್ಲಿರಲು ಏನು ಕಷ್ಟ? ಗಲ್ಲಿಯ ಹೋಟೆಲ್ ಒಳ್ಳೆಯದೇ ಇರಬಹುದು, ಆದರೆ ಊರಿಗೆ ಹೊಸಬರು ಅದನ್ನು ಹುಡುಕುವುದು ಹೇಗೆ?

ಭಾಗಮಂಡಲ_ಸಂಗಮ

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಯಾರೂ ಹೇಳಲಿಲ್ಲ. 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಪಟ್ಟಿ ಅಷ್ಟೇ. ಸಾಂಬಾರ್ ಕೊಡುವುದಿಲ್ಲ, ಚಟ್ನಿ ಎಷ್ಟು ಕೇಳಿದರೂ ಹಾಕುತ್ತಾರೆ. ಆ ಚಟ್ನಿ ತಿಂದವರು ಸಾಂಬಾರ್ ಕೇಳುವುದೂ ಇಲ್ಲ.

ನಾಪೋಕ್ಲು_ಮಳೆ

ಅಲ್ಲಿ ಕುಳಿತು ತಿನ್ನಲು ಆಗುತ್ತದೆಯೇ?

ಭಾಗಮಂಡಲ_ಸಂಗಮ

ನಿಂತೇ ತಿನ್ನುವುದು. ಪಾರ್ಸೆಲ್ ತಂದು ಮನೆಯಲ್ಲಿ ಕೊಡಿ. ಇಡ್ಲಿ ಆರಿದರೂ ಮೆತ್ತಗೇ ಇರುತ್ತದೆ.

ಕಕ್ಕಬ್ಬೆ_ಜೇನು

ಈ ನಿಂತು ತಿನ್ನುವ ಪದ್ಧತಿಯ ಬಗ್ಗೆ ನನಗೆ ನಿಜವಾಗಿ ಬೇಸರವಿದೆ. 1980ರ ದಶಕದಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಶುರುವಾಯಿತು. ಕಡಿಮೆ ಜಾಗ, ಕಡಿಮೆ ಕೆಲಸಗಾರರು, ಟೋಕನ್, ಸೆಲ್ಫ್ ಸರ್ವಿಸ್. ಅದರಿಂದ ತಿಂಡಿ ಅಗ್ಗವಾಯಿತು, ಶುಚಿಯೂ ಹೆಚ್ಚಿತು, ಒಪ್ಪುತ್ತೇನೆ. ಆಫೀಸಿಗೆ ಓಡುವವರಿಗೆ ಅದು ವರವೇ. ಆದರೆ ಈಗ ಬೀದಿಯುದ್ದಕ್ಕೂ ಅದೇ. ಬೆನ್ನು ಬಾಗಿದ ಅಜ್ಜಿಯೊಬ್ಬರು ಎದೆಯೆತ್ತರದ ಕಲ್ಲಿನ ಮೇಜಿನ ಮೇಲಿಂದ ಸಾಂಬಾರಿನ ಬಟ್ಟಲು ಇಳಿಸಿಕೊಳ್ಳಲು ಒದ್ದಾಡುತ್ತಿದ್ದುದನ್ನು ನೋಡಿದ್ದೇನೆ. ಮೂಲೆಯಲ್ಲಿ ನಾಲ್ಕು ಕುರ್ಚಿ ಹಾಕಿದರೆ ವ್ಯಾಪಾರ ಮುಳುಗುತ್ತದೆಯೇ? ಇನ್ನು ಶೌಚಾಲಯದ ಮಾತು. ಸಕ್ಕರೆ ಕಾಯಿಲೆ ಇರುವವರಿಗೆ ಊಟಕ್ಕಿಂತ ಮೊದಲು ಬೇಕಾದದ್ದು ಅದು. ಬಹಳಷ್ಟು ದರ್ಶಿನಿಗಳಲ್ಲಿ ಕೈ ತೊಳೆಯುವ ನಲ್ಲಿ ಬಿಟ್ಟರೆ ಬೇರೇನೂ ಇಲ್ಲ.

ಕುಶಾಲನಗರ_ಸ್ಟ್ಯಾಂಡ್

ಈ ಶೌಚಾಲಯದ ಮಾತು ನೂರಕ್ಕೆ ನೂರು ಸರಿ. ನನ್ನ ಅತ್ತೆ ಬೆಂಗಳೂರಿಗೆ ಹೋದ ದಿನ ನೀರೇ ಕುಡಿಯುವುದಿಲ್ಲ. ಮೆಟ್ರೊ ನಿಲ್ದಾಣಗಳಲ್ಲಿ ಶೌಚಾಲಯವಿದೆ, ಬಳಸಿಕೊಳ್ಳಿ.

ಅಂದ ಹಾಗೆ, ಬಸ್ಸಿನಲ್ಲಿ ಹೋಗುವವರು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲೇ ಇಳಿದುಬಿಡಿ. ದೀಪಾಂಜಲಿ ನಗರ ಮೆಟ್ರೊ ಹತ್ತಿರ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ ಗಾಂಧಿ ಬಜಾರಿಗೆ ಆಟೊ ಕನಿಷ್ಠ ದರದಲ್ಲೇ ಮುಗಿಯಬೇಕು. ಎಂ.ಟಿ.ಆರ್.ಗೆ ಅದೇ ಮಾರ್ಗದ ಲಾಲ್‌ಬಾಗ್ ನಿಲ್ದಾಣ.

ಸಿದ್ದಾಪುರ_ಮೆಣಸು

ತಿಂಡಿಯೆಲ್ಲ ಸರಿ, ನಮ್ಮ ಹಂದಿ ಮಾಂಸದ ಪಂದಿ ಕರಿ ಎಲ್ಲಿ ಸಿಗುತ್ತದೆ? ಬೆಂಗಳೂರಿನಲ್ಲಿ "ಕೂರ್ಗ್ ಶೈಲಿ" ಎಂದು ಬೋರ್ಡ್ ಹಾಕಿದ ಕಡೆ ತಿಂದೆ. ಹುಳಿಗೆ ವಿನೆಗರ್ ಹಾಕಿದ್ದರು, ಬಣ್ಣಕ್ಕೆ ಏನು ಹಾಕಿದ್ದರೋ ದೇವರಿಗೇ ಗೊತ್ತು. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ, ಮೆಂತ್ಯವನ್ನು ಕಪ್ಪಾಗುವವರೆಗೆ ಹುರಿದು ಪುಡಿ ಮಾಡಿ, ಮಾಂಸ ಬೆಂದ ಮೇಲೆ ಕೊನೆಯಲ್ಲಿ ನಮ್ಮ ಹಣ್ಣಿನ ಹುಳಿ ಕಾಚಂಪುಳಿ ಬಿದ್ದರೆ ತಾನೇ ಅದು ಪಂದಿ ಕರಿ? ಕಡಂಬುಟ್ಟಿನ (ಅಕ್ಕಿಯ ಉಂಡೆ ಕಡುಬು) ಬದಲು ಮಲಬಾರ್ ಪರೋಟ ಕೊಟ್ಟರು. ತಟ್ಟೆ ನೋಡಿಯೇ ಹೊಟ್ಟೆ ಉರಿಯಿತು.

ಗೋಣಿಕೊಪ್ಪ_ಸಂತೆ

ಕಾಚಂಪುಳಿ ಸುಲಭದ ವಸ್ತುವಲ್ಲ. ಮಳೆಗಾಲದಲ್ಲಿ ಹಣ್ಣು ಆರಿಸಿ, ರಸ ಇಳಿಸಿ, ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸಬೇಕು. ಬುಟ್ಟಿಗಟ್ಟಲೆ ಹಣ್ಣಿಗೆ ಒಂದು ಬಾಟಲಿ ಬಂದರೆ ಹೆಚ್ಚು. ದಿನಕ್ಕೆ ನೂರು ತಟ್ಟೆ ಮಾರುವವರಿಗೆ ಅದು ಎಲ್ಲಿಂದ ಬರಬೇಕು? ನಮ್ಮ ಮಡಿಕೇರಿಯ ಪ್ರವಾಸಿ ಅಂಗಡಿಗಳಲ್ಲೇ ನೀರಿನಂಥ ಕಾಚಂಪುಳಿಗೆ ಬಣ್ಣದ ಚೀಟಿ ಅಂಟಿಸಿ ಮಾರುತ್ತಿದ್ದಾರೆ. ಮೊದಲು ಅದನ್ನು ನಿಲ್ಲಿಸೋಣ.

ನೆಲ್ಯಹುದಿಕೇರಿ_ಹೊಳೆ

ಕೊಡಗು ಎಂದರೆ ಪಂದಿ ಕರಿ ಮಾತ್ರವೇ? ಪ್ರತಿ ಚರ್ಚೆಯೂ ಅಲ್ಲಿಗೇ ಬಂದು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಪತ್ತಿರಿ (ತೆಳು ಅಕ್ಕಿ ರೊಟ್ಟಿ), ಕೋಳಿ ಸಾರು, ಮೀನು. ಅರೆಭಾಷೆ ಗೌಡರ ಮನೆಯ ಅಡುಗೆ ಬೇರೆ, ಯರವರ ಮನೆಯ ಅಡುಗೆ ಬೇರೆ. ಕಣಿಲೆ (ಎಳೆ ಬಿದಿರು) ಪಲ್ಯ, ಅಣಬೆ ಸಾರು, ಕೆಸುವಿನ ಸೊಪ್ಪು ಯಾವ ನಗರದ ಹೋಟೆಲಿನ ಪಟ್ಟಿಯಲ್ಲಿದೆ? ನಮ್ಮವರು ಬೆಂಗಳೂರಿನಲ್ಲಿ ಹಲಾಲ್ ಊಟ ಬೇಕೆಂದರೆ ಶಿವಾಜಿನಗರಕ್ಕೆ ಹೋಗುತ್ತೇವೆ, ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಬೇಕಾದಷ್ಟು ಇದೆ.

ಸಿದ್ದಾಪುರ_ಮೆಣಸು

ಹೊಳೆಯವರೇ, ಬೇಸರ ಬೇಡ. ನೀವು ಹೇಳಿದ್ದು ಸರಿ. ಕೊಡವರ ಮನೆಗಳಲ್ಲೂ ದಿನನಿತ್ಯ ಬೇಯುವುದು ಅಕ್ಕಿ ರೊಟ್ಟಿ, ಚಟ್ನಿ, ಸೊಪ್ಪಿನ ಸಾರು. ಹಬ್ಬದ ಅಡುಗೆಯೊಂದನ್ನೇ ನಗರ ಗುರುತಿಟ್ಟುಕೊಂಡಿದೆ. ಆ ಒಂದನ್ನಾದರೂ ಸರಿಯಾಗಿ ಮಾಡಲಿ ಎಂಬುದು ನನ್ನ ಸಂಕಟ. ಯಾರಾದರೂ ಮದುವೆಗೆ ಕರೆದರೆ ವಸಂತನಗರದ ಕೊಡವ ಸಮಾಜಕ್ಕೆ ಹೋಗಿ, ಅಲ್ಲಿ ತಟ್ಟೆ ಮೋಸ ಮಾಡುವುದಿಲ್ಲ.

ಹಾರಂಗಿ_ಹಿನ್ನೀರು

ಮಾಂಸದೂಟಕ್ಕೆ ಮಿಲಿಟರಿ ಹೋಟೆಲೇ ಸರಿ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿ ತಿನ್ನಿ. ಬಸವನಗುಡಿಯಿಂದ ದೂರವಿಲ್ಲ. ಕುಳಿತೇ ತಿನ್ನುವುದು. ಹನ್ನೆರಡಕ್ಕೇ ಹೋಗಿ, ತಡವಾದರೆ ಬೇಕಾದದ್ದು ಮುಗಿದಿರುತ್ತದೆ.

ಕಕ್ಕಬ್ಬೆ_ಜೇನು

ನಾಪೋಕ್ಲು ಅವರೇ, ಅಮ್ಮನ ವಿಷಯಕ್ಕೆ ಎರಡು ಮಾತು. ಬೆಂಗಳೂರಿನ ಬಹಳ ಹೋಟೆಲುಗಳಲ್ಲಿ ಸಾಂಬಾರಿಗೆ ಬೆಲ್ಲ ಹಾಕುತ್ತಾರೆ. ಕಾಫಿಗೆ ಸಕ್ಕರೆ ಬೆರೆಸಿಯೇ ಇಟ್ಟಿರುತ್ತಾರೆ. ಟೋಕನ್ ತೆಗೆದುಕೊಳ್ಳುವಾಗಲೇ ಗಲ್ಲಾದಲ್ಲಿ "ಸಕ್ಕರೆ ಇಲ್ಲದ ಕಾಫಿ" ಎಂದು ಹೇಳಿ, ಕಾಫಿ ಕೊಡುವವರಿಗೆ ಮತ್ತೊಮ್ಮೆ ಹೇಳಿ. ಕೈಚೀಲದಲ್ಲಿ ನಾಲ್ಕು ಬಿಸ್ಕತ್ತು, ಒಂದು ಬಾಳೆಹಣ್ಣು ಇರಲಿ. ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಕೂರಿಸುತ್ತಾರೋ ಹೇಳಲಾಗದು, ಅನೇಕ ಹೋಟೆಲುಗಳಲ್ಲಿ ಮಧ್ಯಾಹ್ನ ಮೂರಕ್ಕೆ ಊಟ ನಿಲ್ಲುತ್ತದೆ.

ಸುಂಟಿಕೊಪ್ಪ_ಕಣ

ಕಾಫಿ ಎಂದಿರಿ, ಅದಕ್ಕೆ ಬಂದೆ. ದೇಶದ ಕಾಫಿಯಲ್ಲಿ ಶೇ. 70ರಷ್ಟು ಕರ್ನಾಟಕದ್ದು, ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನಮ್ಮ ಜಿಲ್ಲೆಯದು. ಆ ಜಿಲ್ಲೆಯಿಂದ ಹೋಗಿ ಬೆಂಗಳೂರಿನಲ್ಲಿ ಚಿಕೋರಿ ನೀರು ಕುಡಿಯಬೇಕೇ? ಮಿಶ್ರಣದಲ್ಲಿ ಶೇ. 49ರವರೆಗೆ ಚಿಕೋರಿ ಇರಬಹುದೆಂದು ನಿಯಮವೇ ಇದೆ. ಪ್ಯಾಕೆಟ್ಟಿನ ಮೇಲೆ ಪ್ರಮಾಣ ಅಚ್ಚು ಹಾಕಬೇಕು, ಹೋಟೆಲಿನ ಲೋಟದ ಮೇಲೆ ಯಾರು ಹಾಕುತ್ತಾರೆ? 2024-25ರಲ್ಲಿ ಕಾಫಿಗೆ ದಾಖಲೆ ಬೆಲೆ ಬಂದಾಗ ಎಲ್ಲರೂ ಲೋಟದ ದರ ಏರಿಸಿದರು. ಬೆಲೆ ಬಿದ್ದು ನಾವು ಸಾಲ ಮಾಡಿ ಕಾರ್ಮಿಕರಿಗೆ ಕೂಲಿ ಕೊಟ್ಟ ವರ್ಷಗಳಲ್ಲಿ ಯಾರೂ ಇಳಿಸಲಿಲ್ಲ.

ಭಾಗಮಂಡಲ_ಸಂಗಮ

ಚಿಕೋರಿ ಇಲ್ಲದ ಫಿಲ್ಟರ್ ಕಾಫಿ ನನಗೆ ರುಚಿಸುವುದೇ ಇಲ್ಲ. ಆ ಗಾಢತೆ ಬರುವುದು ಅದರಿಂದಲೇ. ಹಾಲಿನ ದರ, ಗ್ಯಾಸಿನ ದರ, ಬಾಡಿಗೆ ಇವೂ ಲೋಟದೊಳಗೇ ಇವೆ, ಪುಡಿ ಒಂದೇ ಅಲ್ಲ.

ಸುಂಟಿಕೊಪ್ಪ_ಕಣ

ರುಚಿ ನಿಮ್ಮದು, ಅದಕ್ಕೆ ನನ್ನ ತಕರಾರಿಲ್ಲ. ಎಷ್ಟು ಬೆರೆಸಿದ್ದೇವೆ ಎಂದು ಹೇಳಿ ಮಾರಲಿ ಎನ್ನುತ್ತೇನೆ. ಚೆರ‍್ರಿ ಒಣಗಿಸಿ ಮೂಟೆ ಕಟ್ಟುವವನಿಗೆ ಅಷ್ಟು ಕೇಳುವ ಹಕ್ಕಿದೆ.

ಮಡಿಕೇರಿ_ಮಂಜು

ಒಂದು ಕಹಿ ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ನಮ್ಮದು ಹೋಂಸ್ಟೇ. ಬರುವ ಬೆಂಗಳೂರಿನವರು ನಮ್ಮ ಪಟ್ಟಣದ ಬಗ್ಗೆ ಹೇಳುವುದು ನೀವು ಇಲ್ಲಿ ಬರೆದದ್ದನ್ನೇ. ದಸರಾ, ಡಿಸೆಂಬರ್ ರಜೆ ಬಂತೆಂದರೆ ದರಪಟ್ಟಿ ಮಾಯವಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಮಳೆಯಲ್ಲಿ ನೆನೆದು ಬಂದವರಿಗೆ ತಣ್ಣಗಿನ ಅನ್ನ, ಎರಡು ಪಟ್ಟು ಬಿಲ್. ಒಂದು ಕುಟುಂಬ ರಾತ್ರಿ ಹತ್ತಕ್ಕೆ ನಮ್ಮಲ್ಲಿಗೆ ಬಂದು, "ಅಕ್ಕ, ಸ್ವಲ್ಪ ಗಂಜಿ ಆದರೂ ಇದೆಯೇ" ಎಂದು ಕೇಳಿದ್ದರು. ಪೇಟೆಯಲ್ಲಿ ಅಷ್ಟು ದುಡ್ಡು ತೆತ್ತು ಅರ್ಧ ಊಟ ಬಿಟ್ಟು ಬಂದಿದ್ದರು. ಬೆಂಗಳೂರಿನ ಮ್ಯಾನೇಜರನ ಧಾಟಿ ನಮಗೆ ನೋಯಿಸುವುದಾದರೆ ನಮ್ಮಲ್ಲಿಯ ಧಾಟಿಯನ್ನೂ ಕೇಳಿಸಿಕೊಳ್ಳಬೇಕು.

ಶನಿವಾರಸಂತೆ_ರಸ್ತೆ

ಪ್ರವಾಸಿಗರು ಕಸ ಎಸೆದು ಹೋಗುವುದನ್ನೂ ಬರೆಯಿರಿ.

ಮಡಿಕೇರಿ_ಮಂಜು

ಕಸ ಎಸೆದವರಿಗೆ ದಂಡ ಹಾಕಲಿ. ಊಟಕ್ಕೆ ಕುಳಿತವರಿಗೆ ಬಿಸಿ ಅನ್ನ ಹಾಕಲಿ. ಒಂದಕ್ಕೊಂದು ಬೆಸೆಯಬೇಡಿ.

ಪೊನ್ನಂಪೇಟೆ_ಪಯಣಿಗ

ಮಂಜು ಅಕ್ಕ ಹೇಳಿದ್ದು ಅಕ್ಷರಶಃ ನಿಜ.

ಕುಶಾಲನಗರ_ಸ್ಟ್ಯಾಂಡ್

ಕಾರಿನಲ್ಲಿ ಹೋಗುವವರಿಗೆ ಇನ್ನೊಂದು ಸೂಚನೆ. 2023ರಲ್ಲಿ ಉದ್ಘಾಟನೆಯಾದ ಮೈಸೂರು-ಬೆಂಗಳೂರು ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬಳಸಿಕೊಂಡು ಹೋಗುತ್ತದೆ. ಬೇಗ ತಲುಪುತ್ತೀರಿ, ಆದರೆ ಬಿಡದಿಯ ತಟ್ಟೆ ಇಡ್ಲಿಯೂ ಇಲ್ಲ, ಮದ್ದೂರು ವಡೆಯೂ ಇಲ್ಲ. ಸಕ್ಕರೆ ಕಾಯಿಲೆ ಇರುವವರ ಜೊತೆ ಹೋಗುವಾಗ ಮೈಸೂರಿನಲ್ಲೇ ತಿಂಡಿ ಮುಗಿಸಿ. ಇಲ್ಲವಾದರೆ ಮದ್ದೂರಿನ ಬಳಿ ಹಳೆಯ ರಸ್ತೆಗೆ ಇಳಿಯಿರಿ. ಆ ಊರಿನ ಹೋಟೆಲಿನವರು ಹೆದ್ದಾರಿಯಿಂದ ಬಹಳ ಸೋತಿದ್ದಾರೆ.

ಗೋಣಿಕೊಪ್ಪ_ಸಂತೆ

ಕೈಯಲ್ಲಿ ನಗದು ಇರಲಿ. 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳವರು ಯುಪಿಐ ಫಲಕ ತೆಗೆದಿಟ್ಟಿದ್ದರು.

ನಾಪೋಕ್ಲು_ಮಳೆ

ಇಷ್ಟೊಂದು ಮಾಹಿತಿ ಸಿಗುತ್ತದೆಂದು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹೀಗೆ ಅಂದುಕೊಂಡಿದ್ದೇವೆ: ಶುಕ್ರವಾರ ಆಸ್ಪತ್ರೆ ಮುಗಿಸಿ ಬರುವಾಗ ಎಂ.ಟಿ.ಆರ್., ಶನಿವಾರ ಬೆಳಿಗ್ಗೆ ವಿದ್ಯಾರ್ಥಿ ಭವನ, ಮಧ್ಯಾಹ್ನ ಜಯನಗರದ ಬಿರಿಯಾನಿ. 1915 ಫೋನಿನಲ್ಲಿ ಸೇರಿಸಿಕೊಂಡೆ. ಶುಲ್ಕ ಹಾಕದ ಕಡೆ ಸಪ್ಲೈಯರ್‌ಗೆ ನಗದು ಕೊಡುತ್ತೇನೆ, ಪೊನ್ನಂಪೇಟೆಯವರೇ.

ಬಾಳೆಲೆ_ಅಕ್ಕ

ವಿದ್ಯಾರ್ಥಿ ಭವನಕ್ಕೆ ಶನಿವಾರ ಬೇಡ ತಮ್ಮಾ, ಜನ ಕಿಕ್ಕಿರಿದಿರುತ್ತಾರೆ. ಗುರುವಾರ ಮಧ್ಯಾಹ್ನ ತಲುಪಿ ಅಪ್ಪ ಸ್ವಲ್ಪ ಮಲಗಿ ಎದ್ದ ಮೇಲೆ, ನಾಲ್ಕರ ಹೊತ್ತಿಗೆ ಹೋಗಿ. ಆಗ ಸರದಿ ಚಿಕ್ಕದು. ಕಣ್ಣಿಗೆ ಔಷಧಿ ಹಾಕಿದ ಮೇಲೆ ಅವರಿಗೆ ದಾರಿಯೂ ಕಾಣುವುದಿಲ್ಲ, ಹಾಗಾಗಿ ಶುಕ್ರವಾರ ಎಲ್ಲಿಗೂ ಬೇಡ, ಊಟ ಪಾರ್ಸೆಲ್ ತಂದುಬಿಡಿ.